ಲಕ್ಷದ ಮೇಲೆ ಮೂರು

ಗುಬ್ಬಿಯ ನಮ್ಮ ಅತ್ತೆಯ ಪಡಸಾಲೆಯಲ್ಲಿ ಆವತ್ತು ನಾಲ್ವರಿದ್ದೆವು: ಅತ್ತೆ, ಅವರ ಮೊಮ್ಮಗಳು, ಅವಳನ್ನು ಮದುವೆಯಾಗಲಿದ್ದ ಕುಣಿಗಲ್ಲಿನ ಹುಡುಗ, ಮತ್ತೆ ಕಾಫಿ ಕುಡಿದು ಹೋಗೋಣವೆಂದು ಬಂದು ಸಿಕ್ಕಿಬಿದ್ದ ನಾನು. ಸುತ್ತಲೂ ಬಿಲ್ವಪತ್ರೆ. ನೂರು ನೂರರ ಕಟ್ಟು ಮಾಡಿ, ಬಾಳೆನಾರಿನಲ್ಲಿ ಬಿಗಿದು, ಒದ್ದೆ ಪಂಚೆಗಳ ಮೇಲೆ ಜೋಡಿಸಿದ್ದರು. ಮಾರನೆಯ ದಿನ ಈಶ್ವರನ ಗುಡಿಯಲ್ಲಿ ಮದುವೆಗೆ ಮುಂಚಿನ ಲಕ್ಷ ಬಿಲ್ವಾರ್ಚನೆ.

ಲಕ್ಷ ತುಂಬಿತ್ತು. ಅತ್ತೆ ಇನ್ನೊಂದು ಪತ್ರೆ ಆರಿಸಿ, ಸೆರಗಿನಲ್ಲಿ ಒರೆಸಿ, ತಟ್ಟೆಯಲ್ಲಿ ಬೇರೆಯಾಗಿ ಇಟ್ಟರು. ಮುಯ್ಯಿ ಕೊಡುವಾಗ ನೂರರ ಮೇಲೆ ಒಂದು ಸೇರಿಸುತ್ತೇವಲ್ಲ, ಹಾಗೆ.

"ಬರೀ ಲಕ್ಷ ಆದ್ರೆ ಯಾರ್ ಬೇಕಾದ್ರೂ ಪಾಲು ಮಾಡ್ಬೋದು. ಒಂದು ಸೇರಿಸ್ಬುಟ್ರೆ ಒಡೆಯಕ್ಕಾಗಲ್ಲ ಕಣೇ. ನೀವಿಬ್ರೂ ಹಂಗಿರ್ಬೇಕು."

ಹುಡುಗ ತುಮಕೂರಿನ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ಸುಮ್ಮನಿರಬಹುದಿತ್ತು.

"ಅಜ್ಜಿ, ಲಕ್ಷದ ಒಂದು ಹನ್ನೊಂದರಿಂದ ಭಾಗ ಆಗುತ್ತೆ. ಪಾಲಿಗೆ ಒಂಬತ್ತು ಸಾವಿರದ ತೊಂಬತ್ತೊಂದು."

"ಇದನ್ನ ತಾಳಿ ಕಟ್ಟಿದ್ಮೇಲೆ ಹೇಳಕ್ಕಾಗ್ತಿರ್ಲಿಲ್ವಾ?" ಎಂದಳು ಮೊಮ್ಮಗಳು.

ಅತ್ತೆ ನನ್ನ ಕಡೆ ತಿರುಗಿದರು. "ನಿಜವೇನ್ಲಾ?"

ಲಗ್ನಪತ್ರಿಕೆಯ ಕವರಿನ ಹಿಂದೆ ಭಾಗಿಸಿ ನೋಡಿದೆ. ಏನೂ ಉಳಿಯಲಿಲ್ಲ. ಅತ್ತೆಯ ಮುಖ ಸಣ್ಣದಾಯಿತು.

"ಒಡೆಯೋ ಲೆಕ್ಕ ಇಟ್ಕೊಂಡು ನಾನು ಶಿವನ ಮುಂದೆ ಕೂರಲ್ಲ. ಒಡೆಯದ್ದು ಯಾವ್ದಪ್ಪಾ, ನೀನೇ ಹೇಳು."

"ಲಕ್ಷದ ಎರಡು ಸರಿಸಂಖ್ಯೆ. ಎರಡು ಪಾಲಾಗೋಗುತ್ತೆ."

"ಅದಂತೂ ಬೇಡ್ವೇ ಬೇಡ."

"ಲಕ್ಷದ ಮೂರು ನೋಡ್ಬೋದು."

ಮೊಮ್ಮಗಳು ಮೊಬೈಲ್ ತೆಗೆದಳು. "ಮಡುಗೇ ಅದನ್ನ," ಎಂದರು ಅತ್ತೆ. "ಬಾಳೋರು ನೀವು. ನೀವೇ ಒಡೆದು ನೋಡಿ."

ಇಬ್ಬರೂ ಕಾಗದ ಹಿಡಿದು ಕೂತರು. ಮೂರು, ಐದು, ಏಳು, ಹನ್ನೊಂದು, ಹದಿಮೂರು ಹೀಗೆ ತಾವೂ ಒಡೆಯದ ಸಂಖ್ಯೆಗಳಿಂದ ಭಾಗಿಸಿದರೆ ಸಾಕಂತೆ, ಅದೂ ಅದರಿಂದಲೇ ಗುಣಿಸಿದರೆ ಲಕ್ಷದ ಹತ್ತಿರ ಬರುವ ಮುನ್ನೂರ ಹದಿನಾರರ ತನಕ. ಅದಕ್ಕಿಂತ ದೊಡ್ಡದರಿಂದ ಭಾಗವಾಗುವುದಾದರೆ ಅದರ ಜೋಡಿ ಚಿಕ್ಕದಿರಲೇಬೇಕು, ಅದು ಆಗಲೇ ಸಿಕ್ಕಿರುತ್ತದೆ ಎಂದು ಹುಡುಗ ವಿವರಿಸಿದ. ಒಂದು ಅವನಿಗೆ, ಮುಂದಿನದು ಅವಳಿಗೆ.

"ಏಳಕ್ಕೆ ಒಂದು ಉಳೀತು."

"ಹನ್ನೊಂದಕ್ಕೆ ಎರಡು."

ಪ್ರತಿ ಸಲ ಏನಾದರೂ ಉಳಿದಾಗ ಅತ್ತೆ ತಲೆಯಾಡಿಸುತ್ತಿದ್ದರು. ನೂರ ಇಪ್ಪತ್ತೇಳಕ್ಕೆ ಬಂದಾಗ ಮೊಮ್ಮಗಳ ಪೆನ್ನು ನಿಂತಿತು. ಅವಳ ಲೆಕ್ಕದಲ್ಲಿ ಏನೂ ಉಳಿದಿರಲಿಲ್ಲ. ಹುಡುಗ ಅವಳ ಕಾಗದ ಎಳೆದುಕೊಂಡು ಮೇಲಿಂದ ಮತ್ತೆ ಕಳೆದ.

"ಇಲ್ಲಿ ದಶಕ ಬಿಟ್ಟಿದೀಯ. ಐವತ್ನಾಲ್ಕು ಉಳೀತದೆ."

"ಬ್ಯಾಂಕಲ್ಲಿ ಕೆಲ್ಸ ಬೇರೆ ನಿಂಗೆ," ಎಂದು ಅತ್ತೆ ಉಸಿರುಬಿಟ್ಟರು.

ಎರಡನೇ ಸಲ ಕಾಫಿ ಆಗುವ ಹೊತ್ತಿಗೆ ಕೊನೆಯದು, ಮುನ್ನೂರ ಹದಿಮೂರೂ ಮುಗಿಯಿತು. ಲಕ್ಷದ ಮೂರು ಯಾವುದಕ್ಕೂ ಒಡೆಯಲಿಲ್ಲ. ಅತ್ತೆ ಇನ್ನೆರಡು ಪತ್ರೆ ಆರಿಸಿ ಇಬ್ಬರ ಕೈಗೂ ಒಂದೊಂದು ಕೊಟ್ಟರು.

"ನಂದೊಂದು ಇಟ್ಟಾಗಿದೆ. ನಿಮ್ದೂ ಇಡಿ. ಬಿಲ್ವಕ್ಕೂ ಮೂರೇ ದಳ ಅಲ್ವೇ?"

ಮದುವೆಯಾಗಿ ಎರಡು ವರ್ಷ ಕಳೆದ ಮೇಲೆ, ಶ್ರಾವಣದಲ್ಲಿ, ನಿಟ್ಟೂರಿನ ನೆಂಟರಲ್ಲಿ ಲಕ್ಷ ಬಿಲ್ವಾರ್ಚನೆಯಿತ್ತು. ಆ ಗಂಡಹೆಂಡತಿಯೂ ಬಂದಿದ್ದರು. ನನಗೆ ಗುರುತಿಲ್ಲದ ಹೆಂಗಸೊಬ್ಬರು ಕಟ್ಟುಗಳನ್ನೆಲ್ಲ ಎಣಿಸಿ, ಮೂರು ಪತ್ರೆ ಬೇರೆ ತಟ್ಟೆಯಲ್ಲಿಟ್ಟರು.

"ಮೂರ್ಯಾಕಮ್ಮ?" ಎಂದು ಕೇಳಿದೆ.

"ಮೊದ್ಲಿಂದ್ಲೂ ಹಂಗೇ ಅಲ್ವಾ?" ಎಂದರು ಅವರು.

ಪಕ್ಕದಲ್ಲಿದ್ದ ಮೇಷ್ಟ್ರು ಏನೋ ಹೇಳಲು ಹೊರಟ. ಹೆಂಡತಿ ಅವನನ್ನು ಎಬ್ಬಿಸಿಕೊಂಡು ಊಟದ ಪಂಕ್ತಿಗೆ ಹೋದಳು.