ಐಗಿಲ್ ನಡುಕ ಒಪ್ಪಿಕೊಂಡದ್ದು

ಡೆನ್ಮಾರ್ಕಿನ ಪಶ್ಚಿಮ ಯೂಟ್ಲೆಂಡಿನಲ್ಲಿ, ಸಮುದ್ರದ ಗಾಳಿಗೆ ಮರಗಳು ಕೂಡ ಪೂರ್ವಕ್ಕೆ ಬಾಗಿಯೇ ಬೆಳೆಯುವ ನಮ್ಮೂರಿನಲ್ಲಿ, ಐಗಿಲ್ ಕ್ವಿಸ್ಟ್ ಚರ್ಚಿನ ಸಮಾಧಿತೋಟ ನೋಡಿಕೊಳ್ಳುವವನು. ಗುಂಡಿ ತೋಡುವುದು, ಗಿಡದ ಬೇಲಿ ಕತ್ತರಿಸುವುದು, ಕಾಲುದಾರಿಯ ಜಲ್ಲಿಯ ಮೇಲೆ ಕುಂಟೆ ಎಳೆದು ನೇರವಾಗಿ ಗೆರೆ ಮೂಡಿಸುವುದು ಅವನ ಕೆಲಸ. ಗಿರಾಕಿಗಳು ಎಂದೂ ದೂರು ಹೇಳಿಲ್ಲ ಎಂಬುದು ಅವನ ಹೆಮ್ಮೆ.

ನಮ್ಮ ಕಡೆ ದೂರು ಹೇಳುವುದೇ ಒಂದು ದೋಷ. ಬಿರುಗಾಳಿಗೆ ಕೊಟ್ಟಿಗೆಯ ಚಾವಣಿ ಹಾರಿ ಪಕ್ಕದ ಹೊಲ ಸೇರಿದರೆ ನಾವು ‘ಇವತ್ತು ಒಂಚೂರು ಗಾಳಿ’ ಎನ್ನುತ್ತೇವೆ. ಸಂತೋಷಕ್ಕೂ ಇದೇ ಕಾನೂನು. ಐಗಿಲ್ ಹರೆಯದಲ್ಲಿ ಕಿರ್ಸ್ತೀನಳನ್ನು ಮದುವೆಗೆ ಕೇಳಿದ್ದು, ‘ನಿನಗೆ ಅಡ್ಡಿ ಇಲ್ಲಾಂದ್ರೆ’ ಎಂದು. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಇದಕ್ಕಿಂತ ಕೆಟ್ಟದ್ದೂ ಆಗಬಹುದಿತ್ತು’ ಎಂದಳಂತೆ. ನಮ್ಮೂರಲ್ಲಿ ಇದನ್ನು ಪ್ರೇಮಕಥೆ ಎಂದೇ ಹೇಳುತ್ತಾರೆ.

ಬೇಸಿಗೆಯಲ್ಲಿ ಐಗಿಲ್ ಅಂಗಿ ಬಿಚ್ಚಿಟ್ಟೇ ದುಡಿಯುತ್ತಿದ್ದ. ಬಿಸಿಲು ಕಂಡರೆ ನಾವೆಲ್ಲ ಹಾಗೆಯೇ, ಪುಕ್ಕಟೆ ಊಟ ಕಂಡವರಂತೆ ಮುಗಿಬೀಳುತ್ತೇವೆ. ಕೊನೆಗೆ ಅವನ ಬೆನ್ನಿನ ಮೇಲಿದ್ದ ಒಂದು ಮಚ್ಚೆ ಕಪ್ಪುಗಟ್ಟಿ ಕ್ಯಾನ್ಸರಾಯಿತು. ಮಚ್ಚೆ ತೆಗೆದರೂ ರೋಗ ಕಂಕುಳಿಗೆ ಇಳಿಯಿತು, ಶ್ವಾಸಕೋಶದಲ್ಲೂ ಗಂಟು ಕಟ್ಟಿತು. ಒಂದೆರಡು ಬಗೆಯ ಔಷಧಿಯಾದರೂ ಗಂಟು ಜಗ್ಗಲಿಲ್ಲ. ಇನ್ನುಳಿದದ್ದು ಒಂದೇ ದಾರಿ ಎಂದು ಅವನನ್ನು ಕೋಪನ್‌ಹೇಗನ್ನಿನ ಹತ್ತಿರದ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಅಲ್ಲಿನ ಡಾಕ್ಟರ್ ಬಿರ್ಕ್ ಸಣ್ಣ ಮೈಕಟ್ಟಿನ, ದೊಡ್ಡ ದನಿಯ ಹೆಂಗಸು. ಅವರು ಗಂಡಹೆಂಡಿರನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಕಂಕುಳಿನ ಗಂಟಿನೊಳಗೆ ಐಗಿಲ್‌ನದೇ ಕಾವಲು ಕೋಶಗಳಿವೆ, ಟಿ-ಕೋಶಗಳು ಅಂತ. ಅವು ಕಳ್ಳನನ್ನು ಗುರುತು ಹಿಡಿದು ಮನೆಯೊಳಕ್ಕೂ ನುಗ್ಗಿವೆ. ಆದರೆ ಕ್ಯಾನ್ಸರ್ ಬಲು ನಯವಂತ. ಬಂದವರನ್ನು ದಣಿಸಿ, ಬಾಯಿ ಮುಚ್ಚಿಸಿ, ಮೂಲೆಯಲ್ಲಿ ಕೂರಿಸಿಬಿಟ್ಟಿದೆ. ಇಂಥ ಕೋಶಗಳು ಒಂದನ್ನೊಂದು ಕರೆಯುವುದು ಸೈಟೋಕೈನ್ ಎಂಬ ರಸಗಳ ಮೂಲಕ. ‘ಇಲ್ಲಿದ್ದಾನೆ, ಬನ್ನಿ’ ಎನ್ನುವುದೂ ಅದರಲ್ಲೇ, ‘ಏಳಿ, ಹೆಚ್ಚಿ’ ಎನ್ನುವುದೂ ಅದರಲ್ಲೇ. ಗಂಟಿನೊಳಗೆ ಆ ಕೂಗು ನಿಂತುಹೋಗಿದೆ.

“ಅಂದ್ರೆ ಅವೂ ನಮ್ಮೂರಿನವೇ,” ಎಂದಳು ಕಿರ್ಸ್ತೀನ.

ಡಾಕ್ಟರ್ ನಕ್ಕು ಮುಂದುವರಿಸಿದರು. ಗಂಟು ತೆಗೆದು, ಆ ಕೋಶಗಳನ್ನು ಪ್ರಯೋಗಾಲಯದಲ್ಲಿ ಉಣಿಸಿ ತಣಿಸಿ, ಕೋಟಿ ಕೋಟಿಯಾಗಿ ಬೆಳೆಸಿ, ಮತ್ತೆ ಅವನ ರಕ್ತಕ್ಕೇ ಬಿಡುತ್ತಾರೆ. ಅವು ಸೋಲದಂತೆ ಇಂಟರ್‌ಲ್ಯೂಕಿನ್ ಎಂಬ ಸೈಟೋಕೈನನ್ನು ದಿನವೂ ಹನಿ ಹನಿಯಾಗಿ ಕೊಡುತ್ತಾರೆ. ಕೂಗು ಅತಿಯಾದರೆ ಮಾತ್ರ ಮೈ ತಾಳುವುದಿಲ್ಲ. ಜ್ವರ ಬರುತ್ತದೆ, ನಡುಕ ಹುಟ್ಟುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಮೊದಲೇ ತಿಳಿದರೆ ಹನಿ ನಿಧಾನ ಮಾಡಿ ಸಂಭಾಳಿಸಬಹುದು. ಮೈ ಪೂರ್ತಿ ಕುಸಿದರೆ ಔಷಧಿ ನಿಲ್ಲಿಸಲೇಬೇಕು, ಆಗ ಆ ಕೋಶಗಳಿಗೆ ಬೆಂಬಲವಿಲ್ಲ.

“ಅದಕ್ಕೇ, ಏನಾದ್ರೂ ಆದ ಕೂಡ್ಲೆ ಹೇಳ್ಬೇಕು. ಹೇಳ್ತೀರಲ್ಲಾ?”

ಹೇಳುತ್ತೇನೆ ಎಂದ ಐಗಿಲ್. ಆ ಮಾತು ಅವನು ನಿಜವಾಗಿ ನಂಬಿಯೇ ಹೇಳಿದ್ದು.

ಕೆಲವು ವಾರಗಳ ಮೇಲೆ ಕೋಶಗಳು ಸಿದ್ಧವಾದವು. ಮೊದಲು ಬೇರೆ ಔಷಧಿ ಕೊಟ್ಟು ಅವನ ಮೈಯೊಳಗೆ ಹೊಸಬರಿಗೆ ಜಾಗ ಮಾಡಿದರು. ಆಮೇಲೆ ಒಂದು ಬೆಳಿಗ್ಗೆ, ಗಂಜಿನೀರಿನಂತೆ ಮಸುಕಾದ ಒಂದು ಚೀಲ ಬಂದು ತೂಗಿತು. ಕೋಟಿಗಟ್ಟಲೆ ಸೈನಿಕರು ಸದ್ದಿಲ್ಲದೆ ಕೈಯ ನರದೊಳಗೆ ಇಳಿದರು. ಅದರ ಹಿಂದೆ ಇಂಟರ್‌ಲ್ಯೂಕಿನ್ ಶುರುವಾಯಿತು.

ಮಾರನೆಯ ಮಧ್ಯಾಹ್ನ ಐಗಿಲ್‌ಗೆ ಮೈಯೊಳಗೆಲ್ಲ ಜನವರಿಯ ಸಮುದ್ರ ನುಗ್ಗಿದಂತಾಯಿತು. ಹಲ್ಲು ಕಟಕಟ ಎನ್ನದಂತೆ ದವಡೆ ಬಿಗಿಹಿಡಿದ. ಕೈಗಳನ್ನು ಹೊದಿಕೆಯ ಕೆಳಗೆ, ತೊಡೆಯ ಅಡಿಗೆ ಸಿಕ್ಕಿಸಿಕೊಂಡ. ನರ್ಸ್ ಸೋಲ್ವೈ ಬಂದು ಹೇಗಿದ್ದೀರಿ ಎಂದು ಕೇಳಿದಾಗ, ಹೇಳುವಂಥದ್ದೇನೂ ಇಲ್ಲ, ಅವಳಿಗೆ ತೊಂದರೆ ಇಲ್ಲದಿದ್ದರೆ ಕಿಟಕಿ ಮುಚ್ಚಬಹುದೇನೋ ಎಂದ. ಸೋಲ್ವೈ ಕೋಪನ್‌ಹೇಗನ್ ಹುಡುಗಿ. ಅಲ್ಲಿಯವರು ಆಡಿದ್ದಕ್ಕೆ ಆಡಿದ್ದೇ ಅರ್ಥ. ಅವಳು ಕಿಟಕಿ ಮುಚ್ಚಿ, ಪಕ್ಕದ ಕೋಣೆಯ ಕರೆಗೆ ಓಡಿದಳು.

ಆಗ ಕಿರ್ಸ್ತೀನ ಕೆಳಗಿನ ಅಂಗಡಿಯಿಂದ ರೈ ಧಾನ್ಯದ ಕಪ್ಪು ರೊಟ್ಟಿ ಹಿಡಿದು ಬಂದಳು. ಗಂಡನ ಮುಖ ಬೂದಿಬಣ್ಣವಾಗಿತ್ತು. ಏನಾಯಿತು ಎಂದಳು.

“ಒಂಚೂರು ತಂಪು,” ಎಂದ ಐಗಿಲ್.

ಕಿರ್ಸ್ತೀನಳ ಕೈಯಿಂದ ರೊಟ್ಟಿ ಬಿತ್ತು. ಇಷ್ಟು ವರ್ಷಗಳ ಸಂಸಾರದಲ್ಲಿ ಅವನು ತನ್ನ ಮೈಯ ಬಗ್ಗೆ ‘ಒಂಚೂರು’ ಎಂದದ್ದು ಒಂದೇ ಸಲ, ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದಾಗ. ಅವಳು ಕಾರಿಡಾರಿಗೆ ಓಡಿ ಸೋಲ್ವೈಯ ತೋಳು ಹಿಡಿದಳು. ಅಪರಿಚಿತರ ತೋಳು ಹಿಡಿಯುವುದು ನಮ್ಮ ಕಡೆ ಬೆಂಕಿ ಬಿದ್ದಾಗ ಮಾತ್ರ.

“ಅವ್ನು ಹೇಳಿದ್ದನ್ನ ಹತ್ತು ಪಟ್ಟು ಮಾಡ್ಕೊಳ್ಳಮ್ಮ. ಒಂಚೂರು ಅಂದ್ರೆ ಸಾಯ್ತಾ ಇದ್ದಾನೆ ಅಂತ.”

ಸೋಲ್ವೈ ಓಡಿಬಂದು ರಕ್ತದೊತ್ತಡ ನೋಡಿದಳು, ನೋಡಿದವಳೇ ಹಾಸಿಗೆ ಪಕ್ಕದ ಕರೆಗುಂಡಿ ಒತ್ತಿ ಡಾಕ್ಟರನ್ನು ಕರೆದಳು. ಹನಿ ತಗ್ಗಿಸಿದರು, ಬೇರೆ ನರಕ್ಕೆ ಉಪ್ಪುನೀರು ಏರಿಸಿದರು, ನಡುಕಕ್ಕೆ ಸೂಜಿ ಚುಚ್ಚಿದರು. ಸಂಜೆಯ ಹೊತ್ತಿಗೆ ಮುಖಕ್ಕೆ ರಕ್ತ ಮರಳಿತು. ಇನ್ನೊಂದಿಷ್ಟು ತಡವಾಗಿದ್ದರೆ ಎಲ್ಲ ನಿಲ್ಲಿಸಬೇಕಾಗುತ್ತಿತ್ತು ಎಂದು ಡಾಕ್ಟರ್ ಬಿರ್ಕ್ ದೊಡ್ಡ ದನಿ ಬಿಟ್ಟು ಮೆಲ್ಲಗೆ ಹೇಳಿದರು.

ಅವರು ಹೋದ ಮೇಲೆ ಐಗಿಲ್ ಗೋಡೆ ನೋಡುತ್ತಾ, ಹೇಳಿದರೆ ನಿಲ್ಲಿಸಿಬಿಟ್ಟಾರು ಅಂದುಕೊಂಡಿದ್ದೆ, ಅಲ್ಲದೆ ಆ ಹುಡುಗಿಗೆ ಬೇಕಾದಷ್ಟು ಕೆಲಸವಿತ್ತು ಎಂದು ಗೊಣಗಿದ.

“ನಿನ್ನ ಮರ್ಯಾದೆಗೆ ಬೆಂಕಿ ಬೀಳ, ಮಾರಾಯ,” ಎಂದಳು ಕಿರ್ಸ್ತೀನ. “ನಿನ್ನ ಕೋಶಗಳೇ ಕೂಗೋದು ಕಲ್ತಿವೆ. ನಿನಗೇನು ಕಷ್ಟ?”

ಮರುದಿನ ಹನಿ ಮತ್ತೆ ಶುರುವಾಯಿತು, ನಡುಕವೂ ಬಂತು. ಕಿರ್ಸ್ತೀನ ಬೇಕೆಂದೇ ಕಾಫಿಗೆ ಹೋಗಿದ್ದಳು. ಐಗಿಲ್ ಕರೆಗುಂಡಿಯ ಮೇಲೆ ಬೆರಳಿಟ್ಟ, ತೆಗೆದ, ಮತ್ತೆ ಇಟ್ಟ, ಒತ್ತಿದ. ಸೋಲ್ವೈ ಬಂದು ನಿಂತಳು. ಅವನಿಗೆ ಊರ ಚೌಕದಲ್ಲಿ ಬಟ್ಟೆ ಬಿಚ್ಚಿದಷ್ಟು ನಾಚಿಕೆಯಾಯಿತು.

“ನಡುಗ್ತಾ ಇದೀನಿ. ಜೋರಾಗಿ.” ಅವನು ಉಸಿರೆಳೆದುಕೊಂಡ. “ಭಯಾನೂ ಆಗ್ತಿದೆ.”

ಅವಳು ಹನಿ ತಗ್ಗಿಸಿ, ಕುರ್ಚಿ ಎಳೆದುಕೊಂಡು ಅಲ್ಲೇ ಕೂತಳು. ಇಂಟರ್‌ಲ್ಯೂಕಿನ್ ನಿಲ್ಲಲಿಲ್ಲ. ಆ ದಿನದ್ದು ಪೂರ್ತಿಯಾಯಿತು, ಉಳಿದ ದಿನಗಳದ್ದೂ.

ವಸಂತ ಬಂದಾಗ ಸ್ಕ್ಯಾನ್ ತೆಗೆದು ನೋಡಿದರು. ಶ್ವಾಸಕೋಶದ ಗಂಟುಗಳಲ್ಲಿ ಕೆಲವು ಮಾಯವಾಗಿದ್ದವು, ಮಿಕ್ಕವು ಒಣದ್ರಾಕ್ಷಿಯಷ್ಟಾಗಿದ್ದವು. ಎಲ್ಲರಿಗೂ ಹೀಗಾಗುವುದಿಲ್ಲ, ಮುಂದೆಯೂ ನೋಡುತ್ತಿರಬೇಕು ಎಂದರು ಡಾಕ್ಟರ್. ಕಿರ್ಸ್ತೀನ ಅತ್ತಳು. ಐಗಿಲ್ ಡಾಕ್ಟರಿಗೆ, ಸೋಲ್ವೈಗೆ, ಕಡೆಗೆ ನೆಲ ಒರೆಸುತ್ತಿದ್ದವನಿಗೂ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ‘ತುಂಬಾ ಉಪಕಾರ ಆಯ್ತು’ ಎಂದ. ಹಾಗೆಂದಾಗಲೆಲ್ಲ ಅವನ ಕಿವಿ ಕೆಂಪಾಗುತ್ತಿತ್ತು.

ಕೋಶಗಳನ್ನು ಸಾಕಿದವರು ಎಲ್ಲಿ ಎಂದು ಕೇಳಿದ. ನೆಲಮಾಳಿಗೆಯಲ್ಲಿ ಎಂದರು, ಒಳಗೆ ಯಾರನ್ನೂ ಬಿಡುವುದಿಲ್ಲ, ಗಾಜಿನಾಚೆಯಿಂದ ನೋಡಬಹುದು. ಗಾಜಿನೊಳಗೆ ತಲೆಯಿಂದ ಕಾಲತನಕ ಬಿಳಿ ಹೊದ್ದ ಒಬ್ಬಳು ಪುಟ್ಟ ತಟ್ಟೆಗಳನ್ನು ಎತ್ತಿಡುತ್ತಿದ್ದಳು. ಐಗಿಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದ, ಗೋರಿಯ ಮುಂದೆ ನಿಲ್ಲುವಂತೆ ನಿಂತ. ಆಮೇಲೆ ಇದು ಆ ಜಾಗವಲ್ಲ ಎಂದು ಹೊಳೆದು ಕೈ ಎತ್ತಿ ಬೀಸಿದ.

ಅವಳು ಇವನನ್ನು ಸಾಮಾನು ತಂದವನು ಎಂದುಕೊಂಡು, ಬಾಗಿಲು ಆಚೆ ಕಡೆ ಇದೆ ಎಂದು ಬೆರಳು ತೋರಿಸಿದಳು.

“ಸಾಮಾನಲ್ಲ,” ಎಂದ ಐಗಿಲ್, ಗಾಜು ಮಸುಕಾಗುವಷ್ಟು ಹತ್ತಿರ ಹೋಗಿ, ಇಡೀ ಕಾರಿಡಾರಿಗೆ ಕೇಳುವಂತೆ. “ನಾನು. ನೀವು ಸಾಕಿದ್ದು ನನ್ನವನ್ನ. ಬದುಕಿದೀನಿ, ನೋಡಿ.”

ಗಾಜು ದಪ್ಪನೆಯದು, ಅವಳಿಗೆ ಕೇಳಿಸಿರಲಾರದು. ಅವಳು ತಟ್ಟೆಯನ್ನು ಜೋಪಾನವಾಗಿ ಕೆಳಗಿಟ್ಟು, ಕೈಗವಸಿನ ಕೈಯನ್ನು ಒಮ್ಮೆ ಎತ್ತಿ, ಮತ್ತೆ ಕೆಲಸಕ್ಕೆ ಬಾಗಿದಳು.