ಗಂಡೆಂದು ತಂದ ಜೇಡ

ದಹಿಸರ್‌ನ ನಮ್ಮ ಬಿಲ್ಡಿಂಗಿನಲ್ಲಿ ಧಾರವಾಡದ ಕಡೆಯ ನಿವೃತ್ತ ಪ್ರಾಣಿಶಾಸ್ತ್ರದ ಮೇಡಂ ಒಬ್ಬರಿದ್ದರು. ಮೈತುಂಬ ರೋಮವಿರುವ ದೊಡ್ಡ ಜೇಡ, ಟರಾಂಟುಲಾ, ಅವರ ಹುಚ್ಚು. ಯಾರಾದರೂ ಮೊಬೈಲಿನಲ್ಲಿ ಫೋಟೊ ತೋರಿಸಿ ಜಾತಿ ಕೇಳಿದರೆ ಕನ್ನಡಕ ಹಣೆಗೇರಿಸಿ, "ಬಣ್ಣಾ ನೋಡಿ ಹೆಸರ ಇಡಬ್ಯಾಡ್ರಿ" ಎನ್ನುತ್ತಿದ್ದರು.

ಒಮ್ಮೆ ಅಂಥದೊಂದು ಜೇಡ ನಮ್ಮ ಮೀಟರ್ ಪೆಟ್ಟಿಗೆಯ ಹಿಂದೆಯೇ ಸಿಕ್ಕಿತು. ನಮ್ಮ ಬಿಲ್ಡಿಂಗಿನ ಸೆಕ್ರೆಟರಿ, ಉಡುಪಿ ಕಡೆಯವರು, ಚಪ್ಪಲಿಯಿಂದ ಒಂದೇಟು ಹಾಕಿದರು. ಮೇಡಂ ಓಡಿಬಂದು ಅಡ್ಡ ನಿಂತರು. ಕಾಲಿನ ಪಟ್ಟೆ ನೋಡಿದ್ದೇ ಜಾತಿಯ ಹೆಸರೂ ಹೇಳಿಬಿಟ್ಟರು. "ಗಂಡೈತ್ರಿ, ಪಾಪ, ಹೆಣ್ಣ ಹುಡುಕ್ಕೊಂತ ಬಂದೈತಿ." ಕಾಲಿಗೆ ಪೆಟ್ಟಾಗಿದ್ದ ಅದನ್ನು ಡಬ್ಬಿಯಲ್ಲಿ ಮನೆಗೊಯ್ದರು.

ಕೆಲವು ವಾರಗಳಲ್ಲಿ ಜೇಡ ಪೊರೆ ಬಿಟ್ಟಿತು. ಮೇಡಂ ಪೊರೆಯನ್ನು ನೆನೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಒಳಗೆ ಹೆಣ್ಣಿಗಷ್ಟೇ ಇರುವ ಪುಟ್ಟ ಚೀಲ! ಅದರ ಆಕಾರ ನೋಡಿದರೆ ಜಾತಿಯೂ ಬೇರೆ.

ಲಿಫ್ಟ್ ಇಲ್ಲದ ನಾಲ್ಕು ಮಹಡಿ ಹತ್ತಿಳಿದು ಮೇಡಂ ಮನೆಮನೆಯ ಬೆಲ್ ಒತ್ತಿದರು. "ನಾ ತಪ್ಪ ಹೇಳಿದ್ದೆ ರೀ. ಹೆಣ್ಣೈತಿ, ಜಾತಿನೂ ಬ್ಯಾರೆ."

"ನಮಗೆ ಎರಡೂ ಒಂದೇ ಮಾರಾಯ್ರೇ" ಎಂದರು ಸೆಕ್ರೆಟರಿ.

"ನಿಮಗ ಒಂದ ರೀ. ಆ ಜ್ಯಾಡಕ್ಕ?"

ಮರುದಿನ, ಕಾಲು ವಾಸಿಯಾಗಿದ್ದ ಜೇಡವನ್ನು ಕಾಡಿನಂಚಿಗೆ ಬಿಡಲು ಆಟೊದಲ್ಲಿ ಮೇಡಂ ಜೊತೆ ಹೋದವರು ಸೆಕ್ರೆಟರಿಯೇ. ದಾರಿಯುದ್ದಕ್ಕೂ ಎರಡೂ ಕಾಲು ಸೀಟಿನ ಮೇಲಿಟ್ಟುಕೊಂಡಿದ್ದರಂತೆ.