ಒಗ್ಗರಣೆ ಹಾಕದ ಮನೆ

ಸರ್ಕಾರ ರತ್ನಾವತಿಗೆ ಕೊಟ್ಟದ್ದು ಸಿಡುಬಿನ ಲಸಿಕೆ, ಸೂಜಿ, ಒಂದು ಖಾಕಿ ಚೀಲ. ಮೂಗು ಮಾತ್ರ ಅವಳ ಸ್ವಂತದ್ದು. ೧೯೭೪ರಲ್ಲಿ ಮುಂಬೈ ಬಳಿಯ ಕಲ್ಯಾಣದಾಚೆಯ ಕಲ್ಲು ಕ್ವಾರಿಯ ಜೋಪಡಿಗಳಿಗೆ ಅವಳು ಹೋಗುತ್ತಿದ್ದದ್ದು ಸಂಜೆ, ಒಲೆ ಹೊತ್ತಿಸುವ ಹೊತ್ತಿಗೆ. ಅಲ್ಲಿದ್ದವರು ರಾಯಚೂರು ಕಡೆಯ ಕೂಲಿಗಳು. ಮನೆಯಲ್ಲಿ ಸಿಡುಬು ಎದ್ದರೆ ಅಮ್ಮ ಬಂದಳೆಂದು ಕೈಮುಗಿದು, ಹೊರಗೆ ಹೇಳಿದರೆ ಅವಳು ಮುನಿಯುತ್ತಾಳೆಂದು ಬಾಯಿ ಮುಚ್ಚಿಕೊಳ್ಳುವವರು. ಬೇವಿನ ಸೊಪ್ಪನ್ನೂ ಒಳಗೇ ಅಡಗಿಸುತ್ತಿದ್ದರು. ಆದರೆ ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಹಾಕಬಾರದೆಂಬ ಕಟ್ಟಳೆ ಮುರಿಯುವ ಧೈರ್ಯ ಯಾರಿಗಿತ್ತು? ಸಾಸಿವೆ ಸಿಡಿದ ಘಮ ಬಾರದ ಮನೆಯ ಮುಂದೆ ರತ್ನಾವತಿ ನಿಲ್ಲುತ್ತಿದ್ದಳು. ಈ ಉಪಾಯ ಅವಳ ಮೇಲಿನ ಡಾಕ್ಟರಿಗೆ ಹೊಳೆದಿರಲಿಲ್ಲ. ಅವರು ರಿಜಿಸ್ಟರ್ ಮೂಸುತ್ತಿದ್ದರು.

ರತ್ನಾವತಿ ಉಡುಪಿ ಕಡೆಯವಳು, ಗಂಡನನ್ನು ಕಳೆದುಕೊಂಡವಳು, ಡೊಂಬಿವಲಿಯ ಚಾಳಿನಲ್ಲಿ ಒಬ್ಬಳೇ. ತುಳು ಮಾತಾಡಲು ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಸೂಜಿ ಹಿಡಿದು ತಿರುಗುವವಳನ್ನು ಕೂಲಿಗಳಲ್ಲಿ ಊಟಕ್ಕೆ ಕರೆಯುತ್ತಿದ್ದವಳು ಚಂದವ್ವ ಒಬ್ಬಳೇ. ಅವಳ ಕೈಯ ಬಿಸಿ ರೊಟ್ಟಿಗಾಗಿಯೇ ರತ್ನಾವತಿ ಆ ಓಣಿಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದಳು.

ಒಂದು ಸಂಜೆ ಚಂದವ್ವನ ಮನೆಯಿಂದ ಬರೀ ಹೊಗೆ ಬಂತು.

"ಎಂತ ಚಂದವ್ವ, ಮಗಳು ಕಾಣುವುದಿಲ್ಲ?"

"ಮಲಗ್ಯಾಳ ಅಕ್ಕಾರ. ಇವತ್ತ ಹೋಗ್ರಿ."

ಅತ್ತ ದರಿ, ಇತ್ತ ಪುಲಿ. ಹೇಳಿದರೆ ಇದ್ದೊಬ್ಬ ಗೆಳತಿ ಹೋಗುತ್ತಾಳೆ. ಹೇಳದಿದ್ದರೆ ಓಣಿಯ ಮಕ್ಕಳೆಲ್ಲ ಹಾಸಿಗೆ ಹಿಡಿಯುತ್ತಾರೆ. ಕಲ್ಯಾಣ ಸ್ಟೇಷನ್ನಿನಲ್ಲಿ ಕೂತು ಎರಡು ಲೋಕಲ್ ರೈಲು ಬಿಟ್ಟಳು. ಆಮೇಲೆ ಎದ್ದು ದವಾಖಾನೆಗೆ ಹೋಗಿ ಚಂದವ್ವನ ಮಗಳ ಹೆಸರು ಬರೆಸಿದಳು.

ಮರುದಿನ ಚಂದವ್ವನ ಬಾಗಿಲಿಗೆ ಕಾವಲು ಬಂತು. ಸುತ್ತಲಿನ ಅರವತ್ತು ಜೋಪಡಿಗಳವರಿಗೆ ಲಸಿಕೆ ಹಾಕಿದರು, ಸಿಡುಬು ಇನ್ನೊಬ್ಬರಿಗೆ ಹರಡಲಿಲ್ಲ. ಚಂದವ್ವನ ಮಗಳು ಉಳಿದಳು, ಎಡಗಣ್ಣು ಹೋಯಿತು. ಡಾಕ್ಟರು ರತ್ನಾವತಿಯನ್ನು ಎಲ್ಲರೆದುರು ಹೊಗಳಿದರು. ಅವಳಿಗೆ ಅದು ಬೇಕಿರಲಿಲ್ಲ.

ಕಾವಲು ತೆಗೆದ ದಿನ ಹೋದಳು. ಚಂದವ್ವ ಬಾಗಿಲಿಗೆ ಅಡ್ಡ ನಿಂತಳು.

"ನಿಮ್ಮಿಂದ ಓಣಿ ಉಳೀತು ಅಂತಾರ, ಇರಬೇಕು. ಅಮ್ಮನ ಸಿಟ್ಟು ನನ್ನ ಕೂಸಿನ ಮ್ಯಾಲ ಬಿತ್ತು. ನಿಮಗ ಬೈಯಂಗಿಲ್ಲ. ಇನ್ನ ಬರಬ್ಯಾಡ್ರಿ."

ಕಣ್ಣು ತೆಗೆದದ್ದು ಸಿಡುಬು, ತಾನು ಬರೆಸಿದ ಹೆಸರಲ್ಲ ಎಂದು ರತ್ನಾವತಿಗೆ ಗೊತ್ತಿತ್ತು. ಚೀಲ ಹೆಗಲಿಗೇರಿಸಿ ಪಕ್ಕದ ಜೋಪಡಿಗೆ ನಡೆದಳು.

ಬರಬೇಡವೆಂದರೂ ಆ ಓಣಿ ಅವಳ ಪಾಲಿನದೇ. ಮುಂದೆ ಎರಡು ವರ್ಷ ವಾರ ವಾರವೂ ಹೋಗಿ, ಎಲ್ಲರಂತೆ ಚಂದವ್ವನನ್ನೂ ಕೇಳುತ್ತಿದ್ದಳು: "ಮನೆಯಲ್ಲಿ ಯಾರಿಗಾದರೂ ಜ್ವರ ಉಂಟಾ?"

"ಇಲ್ರಿ," ಎನ್ನುತ್ತಿದ್ದಳು ಚಂದವ್ವ. ಅವರಿಬ್ಬರ ನಡುವೆ ಉಳಿದದ್ದು ಅಷ್ಟೇ ಮಾತು.